ಶಾಲಾ ಬ್ಯಾಂಡಿಗೆ ಯಾವ ಹಾಡು?

ಕೇಳುಗರೇ, ನಮಸ್ಕಾರ. ಮಳೆಗಾಲ ಹಿಡಿಯಿತೆಂದರೆ ತೀರ್ಥಹಳ್ಳಿ, ಸಾಗರ, ಹೊಸನಗರದ ಶಾಲೆಗಳಲ್ಲಿ ಆಗಸ್ಟ್ 15ರ ಬ್ಯಾಂಡ್ ತಾಲೀಮು ಶುರು. ಹಾಡು ಆರಿಸುವಾಗಲೇ ಒಂದು ತಪ್ಪು ಆಗಿಬಿಡುತ್ತದೆ. ಆ ವರ್ಷ ಎಲ್ಲರ ಬಾಯಲ್ಲಿರುವ ಸಿನಿಮಾ ಹಾಡನ್ನೇ ಹಿಡಿಯುತ್ತಾರೆ. ಅಂಥ ಹಾಡಿನ ಸೊಗಸು ಬಹುಪಾಲು ಸಾಹಿತ್ಯದಲ್ಲಿ, ಗಾಯಕರು ಸ್ವರವನ್ನು ತೂಗಿ ಜಾರಿಸುವ ಗಮಕದಲ್ಲಿ ಇರುತ್ತದೆ. ಅವೆರಡೂ ಹೋದರೆ ಟ್ರಂಪೆಟ್ ಹಿಡಿದ ಮಗುವಿಗೆ ಒಂದೇ ಸ್ವರವನ್ನು ಏಳೆಂಟು ಸಲ ಊದುವ ಕೆಲಸ ಉಳಿಯುತ್ತದೆ. ವಾರದೊಳಗೆ ಬೇಸರ.

ಮಾತಿಲ್ಲದೆ, ತಾಳವಿಲ್ಲದೆ ಗುನುಗಿ ನೋಡಿ. ಆಗಲೂ ಮನಸ್ಸು ಹಿಡಿದರೆ ಅದು ಬ್ಯಾಂಡಿಗೆ ಒಗ್ಗುವ ಧಾಟಿ.

ಮೊದಲ ವರ್ಷಕ್ಕೆ ಮೋಹನ ರಾಗ ಒಳ್ಳೆಯದು. ಸ ರಿ ಗ ಪ ದ, ಐದೇ ಸ್ವರ. ನಡುವೆ ಅರ್ಧ ಸ್ವರದ ಅಂತರ ಎಲ್ಲೂ ಇಲ್ಲದ್ದರಿಂದ ಎಳೆಯರ ಶ್ರುತಿ ಕೊಂಚ ಜಾರಿದರೂ ಕಿವಿಗೆ ಅಷ್ಟಾಗಿ ಚುಚ್ಚುವುದಿಲ್ಲ. ಆಮೇಲೆ ಶಂಕರಾಭರಣ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು ಈ ರಾಗದವೇ, ಪಾಶ್ಚಾತ್ಯ ಬ್ಯಾಂಡ್ ಧಾಟಿಗಳ ಮೇಲೆ ಕಟ್ಟಿದ ಹಾಡುಗಳು. ಗಮಕದ ಭಾರವಿಲ್ಲ, ಸಾಲುಗಳು ಚಿಕ್ಕವು. ಇಂಥ ಸಂಪತ್ತು ಮನೆಯಲ್ಲೇ ಇದ್ದೂ ಬ್ಯಾಂಡ್ ತಾಲೀಮಿಗೆ ಬಾರದಿರುವುದು ನಿಜಕ್ಕೂ ನಷ್ಟ.

ಇನ್ನು ಬ್ಯೂಗಲ್. ಅದಕ್ಕೆ ಗುಂಡಿಗಳಿಲ್ಲ. ತುಟಿಯ ಬಿಗಿಯಿಂದ ಮಕ್ಕಳಿಗೆ ಸಿಗುವುದು ಸ, ಗ, ಪ ಅಷ್ಟೇ. ಮೋಹನದ ರಿ, ದ ಅದರಲ್ಲಿ ಹೊರಡುವುದಿಲ್ಲ. ಹಾಗಾಗಿ ಧಾಟಿ ಟ್ರಂಪೆಟ್ಟಿಗೆ, ಊದುತ್ತಾ ಹಾರ್ಮೋನಿಯಂನಂಥ ಮನೆಗಳನ್ನು ಒತ್ತಿ ನುಡಿಸುವ ಮೆಲೋಡಿಕಾಕ್ಕೆ ಇರಲಿ. ಸಾಲಿನ ಕೊನೆಯ ಪ, ಸ ಬ್ಯೂಗಲ್ಲಿಗೆ ಬಿಡಿ. ಬ್ಯೂಗಲ್ಲಿನ ಸ ಯಾವುದೋ ಅದೇ ಎಲ್ಲರ ಸ ಆಗಬೇಕು.

ಟ್ರಂಪೆಟ್ಟಿಗೂ ಮೆಲೋಡಿಕಾಕ್ಕೂ ಸ್ವರ ಬರೆದ ಒಂದೇ ಹಾಳೆ ಕೊಟ್ಟರೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಸಾಮಾನ್ಯ ಟ್ರಂಪೆಟ್ 'ಬಿ ಫ್ಲಾಟ್' ವಾದ್ಯ. 'ಸಿ' ಎಂದು ಬರೆದದ್ದು ಅದರಲ್ಲಿ ಒಂದು ಪೂರ್ಣ ಸ್ವರ ಕೆಳಗೆ ನುಡಿಯುತ್ತದೆ. ಮೆಲೋಡಿಕಾದ ಹಾಳೆಯನ್ನು ಅಷ್ಟೇ ಇಳಿಸಿ ಬರೆಯಿರಿ. ಮೊದಲ ವರ್ಷದವರಿಗೆ ಟ್ರಂಪೆಟ್ಟಿನಲ್ಲಿ ಆರು ಸ್ವರ ಸಾಕು. ಎತ್ತರ ಹೋದಂತೆ ಮಕ್ಕಳು ವಾದ್ಯದ ಊದುವ ತುದಿಯನ್ನು ತುಟಿಗೆ ಒತ್ತುತ್ತಾರೆ, ತುಟಿ ದಣಿದು ನಾದ ಒಡೆಯುತ್ತದೆ. ಎಂಟು ಆವರ್ತ, ಅಂದರೆ ತಾಳದ ಎಂಟು ಸುತ್ತು, ಊದಿದ ಮೇಲೆ ಎರಡು ಆವರ್ತ ಡ್ರಮ್ಮಿಗೆ ಬಿಟ್ಟುಕೊಡುವ ಧಾಟಿ ಹುಡುಕಿ.

ಡ್ರಮ್ಮಿನವರಿಗೂ ಬರೀ ಎಡ-ಬಲ ಸಾಲದು. ಡೊಳ್ಳಿನ ನಡೆ ನಮ್ಮ ಸೀಮೆಯದೇ, ಅದನ್ನೇ ಕಲಿಸಿ. ಕವಾಯತಿನ ವೇಗ ನಿಮಿಷಕ್ಕೆ 120 ಹೆಜ್ಜೆಯಾದರೂ ಕಲಿಕೆ 80ರಲ್ಲಿ ಇರಲಿ. ತಗಡಿನ ಮಾಡಿನ ಕೆಳಗೆ ಹತ್ತು ಡ್ರಮ್ ಒಟ್ಟಿಗೆ ಬಡಿದರೆ ಯಾರ ತಪ್ಪು ಯಾರಿಗೂ ಕೇಳದು. ಮೊದಲು ಬಾಯಲ್ಲಿ ಹೇಳಿಸಿ, ಮರುದಿನ ಬೆಂಚಿನ ಮೇಲೆ ಬೆರಳಲ್ಲಿ ನುಡಿಸಿ, ಕೋಲನ್ನು ಮೂರನೆಯ ದಿನ ಕೈಗೆ ಕೊಡಿ.