ಮನೆಯ ಹಳೆ ಕಾಗದಗಳ ಫೋಟೋ ಪಿಡಿಎಫ್ ಆಗುವಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬಯಿಯ ನಮ್ಮ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಹಳೇ ಟ್ರಂಕೋ, ಕಪಾಟಿನ ಮೇಲೊಂದು ಸೂಟ್‌ಕೇಸೋ ಇದ್ದೇ ಇರುತ್ತದೆ. ಅಪ್ಪ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಪಡೆದ ಸರ್ಟಿಫಿಕೇಟು, ಚಾಳಿನ ಬಾಡಿಗೆ ರಸೀದಿ, ಊರಿನ ಜಾಗದ ಪತ್ರ, ಸಂಘದ ಯಾವುದೋ ವರ್ಷದ ಸ್ಮರಣ ಸಂಚಿಕೆ, ಎಲ್ಲ ಅದರೊಳಗೇ. ಈ ಊರಿನ ಮಳೆಗಾಲದಲ್ಲಿ ಕಾಗದ ಉಳಿಸಿಕೊಳ್ಳುವುದು ಸುಲಭವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಅಂಥ ನೀರು ಮನೆಗೆ ನುಗ್ಗಿದರೆ ಟ್ರಂಕಿನ ಕಾಗದ ಮುದ್ದೆಯಾಗುವುದಕ್ಕೆ ಎಷ್ಟು ಹೊತ್ತು ಬೇಕು?

ಅದಕ್ಕೇ ಈಗ ಜನ ಫೋನಿನಲ್ಲಿ ಫೋಟೋ ತೆಗೆದಿಡುತ್ತಾರೆ. ಒಳ್ಳೆಯದೇ. ಆದರೆ ಇಪ್ಪತ್ತು ಪುಟದ ಪತ್ರಕ್ಕೆ ಇಪ್ಪತ್ತು ಫೋಟೋ, ಅವು ಮದುವೆ, ನಾಮಕರಣದ ಫೋಟೋಗಳ ನಡುವೆ ಎಲ್ಲೆಲ್ಲೋ ಸೇರಿಕೊಂಡಿರುತ್ತವೆ. ಅವನ್ನೆಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡುವ ಸಾಫ್ಟ್‌ವೇರ್ ಬಗ್ಗೆ ಇವತ್ತು ಮಾತಾಡೋಣ.

ಪಿಡಿಎಫ್ ಅನ್ನು ಅಡೋಬಿ ಕಂಪನಿ 1993ರಲ್ಲಿ ಹೊರತಂದಿತು. 2008ರಲ್ಲಿ ಅದು ಐಎಸ್ಒ, ಅಂದರೆ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಮಾನದಂಡವಾಯಿತು. ಹಾಗಾಗಿ ಇದು ಒಂದೇ ಕಂಪನಿಯ ಹಿಡಿತದಲ್ಲಿಲ್ಲ, ಯಾವ ಫೋನಿನಲ್ಲಿ ತೆರೆದರೂ ಪುಟ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ.

ಈಗ ಮುಖ್ಯ ಮಾತು. ಫೋನಿನ ಫೋಟೋಗಳು ಹೆಚ್ಚಾಗಿ ಜೆಪೆಗ್ ರೂಪದಲ್ಲಿರುತ್ತವೆ. ಜೆಪೆಗ್ ಫೋಟೋವನ್ನು ಒಂದಿಷ್ಟೂ ಬದಲಿಸದೆ ಹಾಗೇ ಒಳಗಿಟ್ಟುಕೊಳ್ಳುವ ಶಕ್ತಿ ಪಿಡಿಎಫ್‌ಗೆ ಇದೆ. ಆಲ್ಬಮ್ಮಿನ ಹಾಳೆಗೆ ಫೋಟೋ ಸಿಕ್ಕಿಸಿದ ಹಾಗೆ, ಅಷ್ಟೇ ಕೆಲಸ. ಆದರೆ ಕೆಲವು ಸಾಫ್ಟ್‌ವೇರ್‌ಗಳು ಹಾಗೆ ಮಾಡುವುದಿಲ್ಲ. ಫೋಟೋವನ್ನು ಬಿಚ್ಚಿ, ಮತ್ತೆ ಕುಗ್ಗಿಸಿ, ಆಮೇಲೆ ಒಳಗಿಡುತ್ತವೆ. ಜೆಪೆಗ್ ಅನ್ನು ಹೀಗೆ ಮತ್ತೆ ಕುಗ್ಗಿಸಿದಾಗೆಲ್ಲ ಒಂಚೂರು ವಿವರ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಮುಖದ ಫೋಟೋದಲ್ಲಿ ಇದು ಗೊತ್ತಾಗದೇ ಇರಬಹುದು. ಕನ್ನಡ ಅಕ್ಷರದಲ್ಲಿ ಗೊತ್ತಾಗುತ್ತದೆ. ಪ, ಫ, ಷ ಈ ಮೂರಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಗೀಟು ತಾನೆ? ಮಸುಕಾದ ಹಳೇ ಪತ್ರದಲ್ಲಿ ಆ ಗೀಟು ಅಳಿಸಿದರೆ ಅಜ್ಜನ ಹೆಸರೇ ಬೇರೆಯಾಗಿ ಕಾಣುತ್ತದೆ.

ಫೋಟೋ ಮುಟ್ಟದೆ ಪಿಡಿಎಫ್ ಮಾಡುವ ಒಂದು ಉಚಿತ ಸಾಫ್ಟ್‌ವೇರ್ ಇದೆ. ಐ ಎಂ ಜಿ, ಆಮೇಲೆ ಎರಡು ಅನ್ನುವ ಅಂಕಿ, ಆಮೇಲೆ ಪಿ ಡಿ ಎಫ್, ಇಷ್ಟನ್ನೂ ಸೇರಿಸಿ ಬರೆದರೆ ಅದರ ಹೆಸರು. ಕಂಪ್ಯೂಟರಿನಲ್ಲಿ ಕಮಾಂಡ್ ಟೈಪ್ ಮಾಡಬೇಕಾಗುತ್ತದೆ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರನ್ನು ಕೂರಿಸಿಕೊಳ್ಳಿ. ಬೇರೆ ಯಾವುದನ್ನು ಬಳಸಿದರೂ ಒಂದು ಲೆಕ್ಕ ನೋಡಿ. 3 ಎಂಬಿಯ 10 ಫೋಟೋ ಹಾಕಿದರೆ ಪಿಡಿಎಫ್ ಸುಮಾರು 30 ಎಂಬಿ ಬರಬೇಕು. 2 ಎಂಬಿ ಬಂದರೆ ಕುಗ್ಗಿಸಿದೆ ಎಂದೇ ಅರ್ಥ. ಅರ್ಜಿ ಹಾಕಲು ಚಿಕ್ಕದು ಬೇಕಿದ್ದರೆ ಆಗ ಬೇರೆ ಪ್ರತಿ ಮಾಡಿಕೊಳ್ಳಿ, ದೊಡ್ಡದನ್ನು ಅಳಿಸಬೇಡಿ.

ಫೋಟೋ ಎಷ್ಟು ದೊಡ್ಡದಿರಬೇಕು? ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಉದ್ದ. ಇಂಚಿಗೆ 300 ಚುಕ್ಕಿಯಂತೆ ಲೆಕ್ಕ ಹಾಕಿದರೆ 2480 ಚುಕ್ಕಿ ಅಡ್ಡ, 3508 ಉದ್ದ, ಒಟ್ಟು ಸುಮಾರು 87 ಲಕ್ಷ ಚುಕ್ಕಿ. 12 ಮೆಗಾಪಿಕ್ಸೆಲ್, ಅಂದರೆ 1 ಕೋಟಿ 20 ಲಕ್ಷ ಚುಕ್ಕಿಯ ಫೋನು ಸಾಕು. ಫೋಟೋಗಳನ್ನು ಕಂಪ್ಯೂಟರಿಗೆ ಸಾಗಿಸುವಾಗ ವಾಟ್ಸ್ಆಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಬೇಡಿ, ಅಲ್ಲೇ ಕುಗ್ಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಫೈಲುಗಳಿಗೆ 01, 02 ಎಂದು ಹೆಸರಿಡಿ, ಬರೀ 1, 2 ಎಂದಿಟ್ಟರೆ ಎಷ್ಟೋ ಕಡೆ 1 ಆದ ಮೇಲೆ 10ನೇ ಪುಟ ಬಂದು ಕೂರುತ್ತದೆ.

ಇಂಟರ್ನೆಟ್ಟಿನಲ್ಲಿ ಫೋಟೋ ಹಾಕಿದ ತಕ್ಷಣ ಪಿಡಿಎಫ್ ಕೊಡುವ ತಾಣಗಳು ಬೇಕಾದಷ್ಟಿವೆ. ಮಗುವಿನ ಚಿತ್ರಕ್ಕೆ ಪರವಾಗಿಲ್ಲ. ಆಧಾರ್, ಪ್ಯಾನ್, ಜಾಗದ ಪತ್ರ, ಇವನ್ನು ದಯವಿಟ್ಟು ಹಾಕಬೇಡಿ. ನಿಮ್ಮ ಕಾಗದ ಗುರುತಿಲ್ಲದವರ ಕಂಪ್ಯೂಟರಿಗೆ ಹೋಗಿ ಕೂತ ಮೇಲೆ ಅದು ಅಳಿಯಿತೋ ಇಲ್ಲವೋ ನೋಡಲು ನಿಮಗೆ ದಾರಿಯೇ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲೂ ಐಫೋನಿನಲ್ಲೂ ಪ್ರಿಂಟ್ ಒತ್ತಿದರೆ ಅಲ್ಲಿಂದಲೇ ಪಿಡಿಎಫ್ ಮಾಡಬಹುದು. ಫೋಟೋ ಮೂಲದ ಹಾಗೇ ಉಳಿಯುವ ಖಾತ್ರಿ ಇಲ್ಲ, ಆದರೆ ಕಾಗದ ಮನೆ ಬಿಟ್ಟು ಹೋಗುವುದಿಲ್ಲ.

ಇನ್ನೊಂದು ವಿಷಯ. ಹೀಗೆ ಮಾಡಿದ ಪಿಡಿಎಫ್‌ನಲ್ಲಿ ಇರುವುದು ಬರೀ ಚಿತ್ರ. ಮಾಟುಂಗಾ ಎಂದು ಹುಡುಕಿದರೆ ಏನೂ ಸಿಗದು. ಅದಕ್ಕೆ ಟೆಸರಾಕ್ಟ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಅಕ್ಷರ ಓದಿ ಅದನ್ನು ಚಿತ್ರದ ಹಿಂದೆ ಕಾಣದಂತೆ ಸೇರಿಸಿಡುತ್ತದೆ. ಅದಕ್ಕೆ ಕನ್ನಡ ಬರುತ್ತದೆ, ಜೊತೆಗೆ ಮರಾಠಿ, ಇಂಗ್ಲಿಷನ್ನೂ ಒಟ್ಟಿಗೇ ಓದಲು ಹೇಳಬಹುದು. ಒಂದೇ ಹಾಳೆಯಲ್ಲಿ ಎರಡು ಮೂರು ಲಿಪಿ ಇರುವ ನಮ್ಮ ಮುಂಬಯಿ ಕಾಗದಗಳಿಗೆ ಇದಕ್ಕಿಂತ ಇನ್ನೇನು ಬೇಕು? ಅಚ್ಚಾದ ಅಕ್ಷರವನ್ನು ಚೆನ್ನಾಗಿ ಓದುತ್ತದೆ, ಕೈಬರಹ ಅದಕ್ಕೆ ಆಗದು.

ಪಿಡಿಎಫ್ ಆಯಿತು ಅಂತ ಮೂಲ ಕಾಗದ ಬಿಸಾಡಬೇಡಿ, ಜಾಗದ ವಿಷಯ ಬಂದಾಗ ಅದನ್ನೇ ಕೇಳುತ್ತಾರೆ. ಮೂಲ ಫೋಟೋಗಳನ್ನು ಒಂದು ಪೆನ್‌ಡ್ರೈವಿನಲ್ಲಿ ಇಡಿ, ಪಿಡಿಎಫ್‌ನ ಇನ್ನೊಂದು ಪ್ರತಿಯನ್ನು ಊರಿನಲ್ಲಿರುವ ಅಕ್ಕನಿಗೋ ತಮ್ಮನಿಗೋ ಕಳಿಸಿಡಿ. ನಮಸ್ಕಾರ.