ಇರುವ ಮೆಟ್ಟುಕತ್ತಿಯಲ್ಲಿ ಹೆಚ್ಚಲು ಕಲಿಯಿರಿ

ನಮಸ್ಕಾರ. ಮಂಗಳೂರಿನಲ್ಲಿ ಮಳೆ ಬಿಡುವಂತೆ ಕಾಣುತ್ತಿಲ್ಲ. ಹೆಂಚಿನ ಮೇಲಿನ ಸದ್ದು ಮೈಕಿನಲ್ಲಿ ಕೇಳಿಸಿದರೆ ಕ್ಷಮಿಸಿ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: “ಸರ್, ಕಮಾಂಡ್ ಲೈನಿಗೆ ನ್ಯಾನೋ ಧಾರಾಳ ಸಾಕು. ವಿಐ ಕಲಿಯಿರಿ ಎನ್ನುವುದು ನಿಮ್ಮಂಥ ಹಳಬರ ಜಂಬ.” ನ್ಯಾನೋ, ವಿಐ ಎರಡೂ ಮೌಸ್ ಇಲ್ಲದೆ, ಬರೀ ಅಕ್ಷರಗಳ ಪರದೆಯಲ್ಲಿ (ಅದೇ ಕಮಾಂಡ್ ಲೈನ್) ಫೈಲುಗಳನ್ನು ತಿದ್ದುವ ಎಡಿಟರುಗಳು. ನನಗೆ ಜಂಬವಿರುವುದು ನಿಜ, ಅದು ಬೇರೆ ಮಾತು. ಆದರೆ ಎಡಿಟರ್ ಆರಿಸುವುದು ನಮ್ಮ ರುಚಿಗೆ ಬಿಟ್ಟ ಸಂಗತಿಯೇ ಅಲ್ಲ. ನಾವು ಹೋಗಿ ಕೂರುವ ಯಂತ್ರದಲ್ಲಿ ಏನಿರುತ್ತದೆಯೋ ಅದನ್ನು ಕಲಿಯಬೇಕು, ಅಲ್ಲಿರುವುದು ವಿಐ.

ನಮ್ಮೂರಿನ ಅಡಿಗೆ ಭಟ್ಟರನ್ನು ನೋಡಿ. ಯಾರದೋ ಮನೆಯ ಗೃಹಪ್ರವೇಶಕ್ಕೆ ಬಂದವರು ತಮಗೆ ಅಭ್ಯಾಸವಾದ ಚಾಕು ಎಲ್ಲಿದೆಯೆಂದು ಹುಡುಕುವುದಿಲ್ಲ. ಮೂಲೆಯಲ್ಲಿರುವ ಮೆಟ್ಟುಕತ್ತಿಯನ್ನು ಎಳೆದುಕೊಂಡು ಕೂತರೆ ಅರ್ಧ ಗಂಟೆಯಲ್ಲಿ ಒಂದು ರಾಶಿ ಸೌತೆಕಾಯಿ ಹೆಚ್ಚಿ ಮುಗಿಸುತ್ತಾರೆ. ಸರ್ವರ್, ಅಂದರೆ ನಾವು ದೂರದಿಂದ ತೆರೆದು ಕೆಲಸ ಮಾಡುವ ಕಂಪ್ಯೂಟರ್, ಪರರ ಅಡುಗೆಮನೆ.

ಹೋದ ಜುಲೈಯಲ್ಲಿ ಒಂದು ರಾತ್ರಿ ಉಡುಪಿಯಿಂದ ಅಕ್ಕನ ಮಗ ಫೋನ್ ಮಾಡಿದ. “ಮಾಮ, ನ್ಯಾನೋ ನಾಟ್ ಫೌಂಡ್ ಅಂತ ಬರುತ್ತಿದೆ.” ಅವನು ಕೂತಿದ್ದುದು ಆಲ್ಪೈನ್ ಲಿನಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಹಾಕಿದ ಒಂದು ಸಣ್ಣ ಯಂತ್ರದ ಎದುರು. ಅದರಲ್ಲಿ ಬಿಝಿಬಾಕ್ಸ್ ಎಂಬ ಸಣ್ಣ ಸಲಕರಣೆಗಳ ಕಟ್ಟಿನ ಜೊತೆಗೇ ವಿಐ ಬರುತ್ತದೆ, ನ್ಯಾನೋ ಬರುವುದಿಲ್ಲ. ಬೇಕಾದರೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದಲ್ಲ ಎನ್ನುವ ಜಾಣರು ಸ್ವಲ್ಪ ತಾಳಿ: ತಪ್ಪಾಗಿದ್ದುದು ನೆಟ್‌ವರ್ಕಿನ ಫೈಲಿನ ಸಾಲೇ, ಇನ್‌ಸ್ಟಾಲ್ ಮಾಡಲು ಇಂಟರ್ನೆಟ್ಟೇ ಇರಲಿಲ್ಲ. ಕೊನೆಗೆ ವಿಐ ತೆರೆಯಿಸಿದೆ. ಅದರಲ್ಲಿ ಮೊದಲಿಗೆ ಅಕ್ಷರದ ಕೀಲಿಗಳು ಬರೆಯುವುದಿಲ್ಲ, ಒಂದೊಂದೂ ಒಂದು ಅಪ್ಪಣೆ. ಕ್ಯಾಪ್ಸ್ ಲಾಕ್ ಒತ್ತಿದ್ದುದು ಅವನಿಗೆ ಗೊತ್ತಿರಲಿಲ್ಲ; ಕೆಳಗಿಳಿಯಲು ಜೆ ಒತ್ತು ಎಂದರೆ ನಾಲ್ಕು ಸಲ ಒತ್ತಿದ. ದೊಡ್ಡಕ್ಷರದ ಜೆ ಕೆಳಗಿನ ಸಾಲನ್ನು ಮೇಲಿನದಕ್ಕೆ ಜೋಡಿಸುತ್ತದೆ, ಹಾಗಾಗಿ ಐದು ಸಾಲುಗಳು ಒಂದೇ ಆದವು. ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ ಹೇಳಿ, ಉಳಿಸದೆ ಹೊರತಂದು, ಮತ್ತೆ ಮೊದಲಿನಿಂದ ಶುರು ಮಾಡಿಸಿದೆ. ಎರಡು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹೋಯಿತು. ಈಗ ಹೇಳಿ, ಜಂಬ ಯಾರದು?

ವಿಐ ಕಷ್ಟ ಎನ್ನುವವರಿಗೆ ಅದು ಹುಟ್ಟಿದ ಕಾಲ ಗೊತ್ತಿರಬೇಕು. 1976ರಲ್ಲಿ ಬರ್ಕ್ಲಿಯಲ್ಲಿ ಬಿಲ್ ಜಾಯ್ ಎಂಬ ಪ್ರೋಗ್ರಾಮರ್ ಇದನ್ನು ಬರೆಯುವಾಗ ಮನೆಯಲ್ಲಿದ್ದುದು ಫೋನ್ ತಂತಿಯ ಮೂಲಕ ದೂರದ ಕಂಪ್ಯೂಟರಿಗೆ ಜೋಡಿಸುವ 300 ಬಾಡ್ ಮೋಡೆಮ್, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಪರದೆಯ 80 ಅಕ್ಷರಗಳ 24 ಸಾಲು ತುಂಬಲು ಒಂದು ನಿಮಿಷ ದಾಟುತ್ತಿತ್ತು. ಬಾಣದ ಗುರುತುಗಳು ಅವರು ಬಳಸಿದ ಎಡಿಎಂ-3ಎ ಟರ್ಮಿನಲಿನ (ಪರದೆ, ಕೀಲಿಮಣೆ ಕೂಡಿದ ಯಂತ್ರ) ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಅಚ್ಚಾಗಿದ್ದವು, ಬರೆಯುವುದನ್ನು ಬಿಟ್ಟು ಅಪ್ಪಣೆಗೆ ಮರಳಿಸುವ ಎಸ್ಕೇಪ್ ಕೀಲಿ ಇಂದಿನ ಟ್ಯಾಬಿನ ಜಾಗದಲ್ಲಿತ್ತು. ಕಡಿಮೆ ಒತ್ತಿ ಹೆಚ್ಚು ಕೆಲಸ ಮಾಡುವ ಅದರ ಸ್ವಭಾವ ಬಂದದ್ದು ಅಲ್ಲಿಂದ. ಶಿರಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಕೂತು, ಬಂದು ಹೋಗುವ ಸಿಗ್ನಲ್‌ನಲ್ಲಿ ಸರ್ವರ್ ತೆರೆದವರಿಗೆ 1976 ದೂರವೆನಿಸುವುದಿಲ್ಲ.

ವಿಎಸ್ ಕೋಡ್ ಎಂಬ ಕಿಟಕಿ, ಮೌಸ್ ಇರುವ ಎಡಿಟರಿನಲ್ಲಿ ಸರ್ವರಿನ ಫೈಲನ್ನು ದೂರದಿಂದಲೇ ತೆರೆಯಬಹುದು ಎನ್ನುತ್ತಾರೆ. ತೆರೆಯಬಹುದು, ಆದರೆ ಅದು ತನ್ನ ಒಂದು ಭಾಗವನ್ನು ಆ ಕಡೆಯ ಯಂತ್ರದಲ್ಲೂ ಕೂರಿಸಬೇಕು. ನೆಂಟರ ಮನೆಗೆ ಊಟಕ್ಕೆ ಹೋಗುವಾಗ ಗ್ರೈಂಡರ್ ಹೊತ್ತುಕೊಂಡು ಹೋದ ಹಾಗೆ. ಇಮ್ಯಾಕ್ಸ್ ಎಂಬ ಇನ್ನೊಂದು ಹಳೆಯ ಎಡಿಟರಿನವರ ಮಾತು ಕೇಳಲು ನನಗೆ ಪುರುಸೊತ್ತಿಲ್ಲ. ಉಬುಂಟು ಎಂಬ ಲಿನಕ್ಸ್‌ನಲ್ಲಿ ನ್ಯಾನೋ ಇದೆಯಲ್ಲ ಎಂದರೆ, ಇದೆ, ಸಂತೋಷ. ಯುನಿಕ್ಸ್ ಬಗೆಯ ಸಿಸ್ಟಂಗಳಿಗಾಗಿ ಬರೆದ ಪೋಸಿಕ್ಸ್ ಮಾನದಂಡದಲ್ಲಿ ಇರುವುದು ಮಾತ್ರ ವಿಐ, ನ್ಯಾನೋ ಅಲ್ಲ. ನೀವು ಬೇರೆ ಏನನ್ನೂ ಹೇಳದಿದ್ದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಮೂಲತಃ ತೆರೆಯುವುದೂ ವಿಐಯನ್ನೇ.

ಇನ್ನೊಬ್ಬ ಮಹಾಶಯರು ಡೆಬಿಯನ್ ಎಂಬ ಲಿನಕ್ಸ್‌ನ ಡಾಕರ್ ಇಮೇಜಿನಲ್ಲಿ (ಪುಟ್ಟ ಪೊಟ್ಟಣದಂತೆ ಕಟ್ಟಿಟ್ಟ ಸಿಸ್ಟಂ) ವಿಐ ಕೂಡ ಇರುವುದಿಲ್ಲವೆಂದು ನನ್ನನ್ನು ಸಿಕ್ಕಿಸಲು ನೋಡಿದ್ದಾರೆ. ಇರುವುದಿಲ್ಲ, ಆದರೆ ಫೈಲನ್ನು ತೆರೆಯದೆಯೇ ಒಂದು ಕಮಾಂಡಿನಲ್ಲಿ ತಿದ್ದುವ ಸೆಡ್ ಇರುತ್ತದೆ. ಸೆಡ್ ಮತ್ತು ವಿಐ ಎರಡೂ ಎಡ್ ಎಂಬ ಹಳೆಯ ಎಡಿಟರಿನ ಸಂತಾನ. ಒಂದು ಪದ ತೆಗೆದು ಇನ್ನೊಂದು ಹಾಕಲು ವಿಐಯಲ್ಲಿ ಕಲಿತ ಎಸ್ ಕಮಾಂಡ್ ಸೆಡ್‌ನಲ್ಲೂ ನಡೆಯುತ್ತದೆ. ಹಾಗಾಗಿ ವಿಐ ಇಲ್ಲದಲ್ಲಿಯೂ ವಿಐಯೇ ಗೆದ್ದಿತು. ಒಪ್ಪದಿದ್ದರೆ ನಿಮ್ಮಿಷ್ಟ.

ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ವಿಮ್, ಅಂದರೆ ವಿಐಯ ಸುಧಾರಿತ ರೂಪ, ಹಾಕಿಕೊಂಡು ಅದರ ಜೊತೆಗೇ ಬರುವ ಪಾಠ ವಿಮ್‌ಟ್ಯೂಟರ್ ತೆರೆಯಿರಿ. ಪಾಠಕ್ಕೆ ಸುಮಾರು ಅರ್ಧ ಗಂಟೆ ಸಾಕು, ಎರಡು ಗೋಳಿಬಜೆ ಮತ್ತು ಒಂದು ಚಹಾದ ಹೊತ್ತು. ಮುಂದಿನ ಸಂಚಿಕೆಯಲ್ಲಿ ನಾನೇ ಮಾಡಿ ತೋರಿಸುತ್ತೇನೆ, ಚಾನೆಲಿಗೆ ಇನ್ನೂ ಸಬ್‌ಸ್ಕ್ರೈಬ್ ಆಗದವರು ಈಗಲಾದರೂ ಆಗಿ.

ಈ ಮಾತುಗಳನ್ನು ಬರೆದದ್ದೂ ವಿಐಯಲ್ಲೇ. ಕನ್ನಡ ಕೀಲಿಮಣೆ ಇರುವಾಗ ಎಸ್ಕೇಪ್ ಒತ್ತಿ, ಸಾಲು ಅಳಿಸುವ ಅಪ್ಪಣೆಯಾದ ಡಿಡಿ ಎಂದರೆ ಸಾಲು ಅಳಿಯುವುದಿಲ್ಲ, ಪ್ರತಿ ಸಲ ಇಂಗ್ಲಿಷಿಗೆ ಮರಳಬೇಕು. ಒತ್ತಕ್ಷರ ಬಂದಲ್ಲಿ ಕರ್ಸರ್ ಎಲ್ಲಿ ನಿಂತಿದೆಯೆಂದು ಟರ್ಮಿನಲಿಗೇ ತಿಳಿಯುವುದಿಲ್ಲ. ಇದನ್ನು ಯಾರೂ ಕಾಮೆಂಟಿನಲ್ಲಿ ಎತ್ತಬೇಡಿ, ನಾನು ಉತ್ತರಿಸುವುದಿಲ್ಲ. ವಿಐ ಕಲಿಯಿರಿ.