ಕ್ವಿಬೆಕ್‌ನ ಕೋಟೆ ಮತ್ತು ಶಾಲೆ

ಕೇಳುಗರಿಗೆ ನಮಸ್ಕಾರ.

ಕೆನಡಾದ ಕ್ವಿಬೆಕ್ ನಗರದಲ್ಲಿ, ಸೇಂಟ್ ಲಾರೆನ್ಸ್ ನದಿಯ ಮೇಲಿನ ದಿಬ್ಬದ ಉದ್ಯಾನದಲ್ಲಿ, ಒಂದು ಕಲ್ಲಿನ ಸ್ತಂಭವಿದೆ. ಅದರ ಒಂದು ಮಗ್ಗುಲಲ್ಲಿ ವುಲ್ಫ್ ಎಂದೂ ಇನ್ನೊಂದರಲ್ಲಿ ಮಾಂಟ್‌ಕಾಮ್ ಎಂದೂ ಕೆತ್ತಿದ್ದಾರೆ. ಮೊದಲನೆಯವನು ಬ್ರಿಟಿಷ್ ಸೇನಾಪತಿ, ಎರಡನೆಯವನು ಫ್ರೆಂಚ್ ಸೇನಾಪತಿ. 1759ರ ಸೆಪ್ಟೆಂಬರ್ 13ರಂದು ಊರ ಹೊರಗಿನ ಅಬ್ರಹಾಂ ಬಯಲಿನಲ್ಲಿ ಎದುರುಬದುರಾದ ಇಬ್ಬರೂ ಅದೇ ಕಾಳಗದ ಗಾಯಗಳಿಂದ ಸತ್ತರು. ಗೆದ್ದವನಿಗೂ ಸೋತವನಿಗೂ ಒಂದೇ ಸ್ಮಾರಕ. ಅದರ ಮೇಲಿನ ಬರಹ ಇಂಗ್ಲಿಷಿನಲ್ಲೂ ಇಲ್ಲ, ಫ್ರೆಂಚಿನಲ್ಲೂ ಇಲ್ಲ, ಲ್ಯಾಟಿನ್‌ನಲ್ಲಿದೆ.

1608ರಲ್ಲಿ ಫ್ರೆಂಚ್ ಅನ್ವೇಷಕ ಷಾಂಪ್ಲೇನ್ ನೆಲೆಗೊಳಿಸಿದ ಈ ಊರು 1763ರ ಪ್ಯಾರಿಸ್ ಒಪ್ಪಂದದಿಂದ ಬ್ರಿಟಿಷರ ಕೈಸೇರಿತು. ಆದರೂ ಜನರ ಫ್ರೆಂಚ್ ನುಡಿ ಅಳಿಯಲಿಲ್ಲ. ದಕ್ಷಿಣದಲ್ಲಿ, ಮುಂದೆ ಅಮೆರಿಕ ಸಂಯುಕ್ತ ಸಂಸ್ಥಾನವಾದ ಹದಿಮೂರು ಬ್ರಿಟಿಷ್ ವಸಾಹತುಗಳಲ್ಲಿ ಬಂಡಾಯ ಹೊಗೆಯಾಡುತ್ತಿದ್ದಾಗ ಇವರನ್ನೂ ಎದುರು ಹಾಕಿಕೊಳ್ಳುವುದು ಲಂಡನ್ನಿಗೆ ಬೇಡವಾಗಿತ್ತು. 1774ರ ಕಾಯ್ದೆ ಫ್ರೆಂಚ್ ಸಿವಿಲ್ ಕಾನೂನನ್ನೂ ಕ್ಯಾಥೊಲಿಕ್ ಧರ್ಮಾಚರಣೆಯನ್ನೂ ಉಳಿಸಿಕೊಟ್ಟಿತು.

ಹಳೆಯ ನಗರವನ್ನು ಸುತ್ತುವರಿದ ಕೋಟೆಗೋಡೆ ಸುಮಾರು 4.6 ಕಿಲೋಮೀಟರ್ ಉದ್ದವಿದೆ. 1871ರಲ್ಲಿ ಬ್ರಿಟಿಷ್ ಸೈನ್ಯ ಹೊರಟುಹೋದ ಮೇಲೆ ಸಂಚಾರಕ್ಕೆ ಅಡ್ಡಿಯೆಂದು ಅದರ ಬಾಗಿಲುಗಳನ್ನು ಕೆಡವತೊಡಗಿದ್ದರು. ಅದನ್ನು ತಡೆದು, ಅಗಲವಾದ ಹೊಸ ಬಾಗಿಲುಗಳನ್ನು ಕಟ್ಟಿಸಲು ಒತ್ತಾಯಿಸಿದವನು ಗವರ್ನರ್ ಜನರಲ್ ಲಾರ್ಡ್ ಡಫರಿನ್. ಮುಂದೆ ಭಾರತದ ವೈಸ್‌ರಾಯ್ ಆದ ಡಫರಿನ್ ಇವನೇ. 1985ರಲ್ಲಿ ಯುನೆಸ್ಕೊ ಈ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೋಟೆ ನೋಡಲು ಚೆಂದ. ಆದರೆ ನುಡಿಯನ್ನು ಕಾದದ್ದು ಶಾಲೆಗಳು ಎಂದೇ ನನ್ನ ನಂಬಿಕೆ. 1663ರಲ್ಲಿ ಬಿಷಪ್ ಲವಾಲ್ ತೆರೆದ ಧಾರ್ಮಿಕ ವಿದ್ಯಾಲಯದಿಂದ 1852ರಲ್ಲಿ ಲವಾಲ್ ವಿಶ್ವವಿದ್ಯಾಲಯ ಹುಟ್ಟಿತು. ಫ್ರೆಂಚ್ ಮಕ್ಕಳ ಆ ವಿದ್ಯಾಸಂಸ್ಥೆಗೆ ಸನ್ನದು ನೀಡಿದ್ದು ವಿಕ್ಟೋರಿಯಾ ರಾಣಿ! ಅದೇ ಕ್ವಿಬೆಕ್ ಪ್ರಾಂತ್ಯದ ದೊಡ್ಡ ನಗರ ಮಾಂಟ್ರಿಯಲ್‌ನಲ್ಲಿ ಅದರ ಶಾಖೆ 1878ರಲ್ಲಿ ಆರಂಭವಾಗಿ, ಮುಂದೆ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಅದೇ ಮಾಂಟ್ರಿಯಲ್‌ನಲ್ಲಿ ತುಪ್ಪುಳಿನ ಚರ್ಮದ ವ್ಯಾಪಾರಿಯೊಬ್ಬನ ಉಯಿಲಿನಿಂದ ಹುಟ್ಟಿದ, ಇಂಗ್ಲಿಷಿನಲ್ಲಿ ಕಲಿಸುವ ಮ್ಯಾಕ್‌ಗಿಲ್ ಕೂಡ ಇದೆ. ವಿಕಿರಣದ ಬಗ್ಗೆ ಭೌತವಿಜ್ಞಾನಿ ರುದರ್‌ಫರ್ಡ್ ದುಡಿದದ್ದು ಅಲ್ಲಿ.

ಆದರೂ ಬಹುಕಾಲ ಮಾಂಟ್ರಿಯಲ್‌ನ ದೊಡ್ಡ ವ್ಯಾಪಾರದಲ್ಲಿ ಇಂಗ್ಲಿಷಿನದೇ ಮೇಲುಗೈ. 1960ರ ನಂತರ ಫ್ರೆಂಚ್ ಭಾಷಿಕರು ತಮ್ಮ ಪ್ರಾಂತ್ಯದ ಸರ್ಕಾರದ ಮೂಲಕ ಇದನ್ನು ಬದಲಿಸಲು ಹೊರಟರು. 1968ರಲ್ಲಿ ಸರ್ಕಾರವೇ ಕ್ವಿಬೆಕ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ತ್ರುವಾ ರಿವಿಯೇರ್, ಶಿಕೂತಿಮಿಯಂತಹ ಊರುಗಳ ಮಕ್ಕಳಿಗೆ ತಮ್ಮ ಊರಿನಲ್ಲೇ, ತಮ್ಮ ನುಡಿಯಲ್ಲೇ ಪದವಿ ದೊರೆಯತೊಡಗಿತು. 1977ರ ಭಾಷಾ ಕಾಯ್ದೆ ವಲಸೆ ಬಂದವರ ಹೆಚ್ಚಿನ ಮಕ್ಕಳನ್ನೂ ಫ್ರೆಂಚ್ ಶಾಲೆಗೆ ಕರೆತಂದಿತು. ಇಂದು ಆ ಪ್ರಾಂತ್ಯದಲ್ಲಿ ವಿಯೆಟ್ನಾಮಿನಿಂದ, ಹೈಟಿಯಿಂದ ಬಂದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಫ್ರೆಂಚಿನಲ್ಲಿ ಲೆಕ್ಕ ಕಲಿಯುತ್ತಾರೆ.

ನಮಸ್ಕಾರ.